ಅಂಗಿಯ ಮೇಲೊಂದು ಒತ್ತಕ್ಷರ

ಶಿವಮೊಗ್ಗದಲ್ಲಿ ಅಕ್ಟೋಬರ್ ಬಂತೆಂದರೆ ಹಳದಿ ಟೀ ಶರ್ಟಿನ ಮೇಲೆ ಕೆಂಪು ಅಕ್ಷರ ಹಾಕಿಕೊಡುವವರನ್ನು ಜನ ಹುಡುಕತೊಡಗುತ್ತಾರೆ. ನವೆಂಬರ್ 1ಕ್ಕೆ ಆಟೊ ಸ್ಟ್ಯಾಂಡಿನವರಿಗೆ ಬೇಕು, ಕಾಲೇಜಿನ ಹುಡುಗರಿಗೆ ಬೇಕು, ಬಡಾವಣೆಯ ಸಂಘಕ್ಕೂ ಬೇಕು. ಅದಕ್ಕೂ ಮುಂಚೆ ಗಣಪತಿ ಹಬ್ಬ. ಮಳೆ ನಿಂತ ಮೇಲೆ ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್. ಕೇಳುವುದು ಹತ್ತೋ ಹನ್ನೆರಡೋ ಅಂಗಿ, ಆದರೆ ಒಂದೊಂದರ ಬೆನ್ನಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ನಂಬರ್. ಸ್ಕ್ರೀನ್ ಪ್ರಿಂಟಿಂಗ್‌ನವರಿಗೆ ಇದು ಗಿಟ್ಟುವ ವ್ಯವಹಾರವಲ್ಲ. ಬಣ್ಣಕ್ಕೊಂದು, ಹೆಸರಿಗೊಂದು ಸ್ಕ್ರೀನ್ ಕಟ್ಟುತ್ತಾ ಕೂತರೆ ಅಂಗಿಗಿಂತ ಸ್ಕ್ರೀನಿನ ಖರ್ಚೇ ಹೆಚ್ಚಾದೀತು. ಮನೆಯ ಮೇಜಿನ ಮೇಲೆ ಕೂರುವ ಸಣ್ಣ ವಿನೈಲ್ ಕಟರ್‌ಗೆ ಕೆಲಸ ಸಿಗುವುದು ಇಲ್ಲೇ.

ಭದ್ರಾವತಿಯ ಪೇಪರ್ ಟೌನ್‌ನಲ್ಲಿರುವ ನನ್ನ ಅಕ್ಕನ ಮಗಳು ಇಂಥದ್ದೊಂದನ್ನು ಕೊಳ್ಳಬೇಕೆಂದು ಕೂತಿದ್ದಾಳೆ. ಫೋನಿನಲ್ಲಿ ಅವಳು ಮೊದಲು ಕೇಳಿದ್ದು ಬೆಲೆಯನ್ನಲ್ಲ. "ಮಾವ, ಇದ್ರಲ್ಲಿ ಕನ್ನಡ ಸರಿಯಾಗಿ ಬರುತ್ತಾ?" ಅಂದಳು. ಯಂತ್ರ ಕೊಳ್ಳುವವರೆಲ್ಲ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ನಮ್ಮ ಕಡೆ ಈ ಕಸುಬು ಹೊಸದೇನಲ್ಲ. ಬಿ.ಎಚ್. ರಸ್ತೆಯ ಉದ್ದಕ್ಕೂ ನಂಬರ್ ಪ್ಲೇಟ್ ಮಾಡಿಕೊಡುವ, ಆಟೊ ಹಿಂದೆ ದೇವರ ಹೆಸರು ಅಂಟಿಸಿಕೊಡುವ ರೇಡಿಯಂ ಅಂಗಡಿಗಳಿವೆ. ಅಲ್ಲಿನ ಪ್ಲಾಟರ್ ಮಾಡುವುದೂ ಇದನ್ನೇ. ವ್ಯತ್ಯಾಸವಿರುವುದು ಹಾಳೆಯಲ್ಲಿ: ಅವರದು ಬೆನ್ನಲ್ಲಿ ಅಂಟು ಇರುವ ಸ್ಟಿಕ್ಕರ್, ಬಟ್ಟೆಯದು ಶಾಖಕ್ಕೆ ಕರಗಿ ಹಿಡಿಯುವ ವಿನೈಲ್. ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕತ್ತರಿಸಬೇಕು. ಕಾಗುಣಿತ ನೋಡಿಕೊಳ್ಳುವುದೇನಿದ್ದರೂ ತಿರುಗಿಸುವ ಮುಂಚೆಯೇ. ತಿರುಗಿದ ಮೇಲೆ 'ರಾಜ್ಯೋತ್ಸವ'ದ ತಪ್ಪು ಎಂಥ ಪಂಡಿತರ ಕಣ್ಣಿಗೂ ಬೀಳುವುದಿಲ್ಲ.

ಯಂತ್ರದೊಳಗೆ ಇರುವುದು ಒಂದು ಪುಟ್ಟ ಬ್ಲೇಡು. ಅದರ ಮೊನೆ ಹಿಡಿಕೆಯ ನಡುಗೆರೆಗಿಂತ ಕೂದಲೆಳೆಯಷ್ಟು ಹಿಂದಿದ್ದು, ಎಳೆದತ್ತ ತಾನೇ ತಿರುಗಿಕೊಳ್ಳುತ್ತದೆ. ಹಾಗಾಗಿ ಬಾಗಿದ ಗೆರೆ ಇದಕ್ಕೆ ಸಲೀಸು, ಚೂಪು ಮೂಲೆ ಕಷ್ಟ. ಇಂಗ್ಲಿಷಿನ ದೊಡ್ಡ ಅಕ್ಷರಗಳ ಮೂಲೆಗಳಿಗೆ ಸಾಫ್ಟ್‌ವೇರ್ ವಿಶೇಷವಾಗಿ ಲೆಕ್ಕ ಹಾಕಬೇಕು. ನಮ್ಮ ಅಕ್ಷರಗಳೋ ಬಹುಪಾಲು ದುಂಡು. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತಿತ್ತು, ಅದಕ್ಕೇ ದಕ್ಷಿಣದ ಲಿಪಿಗಳು ದುಂಡಗಾದವು ಎಂದು ಲಿಪಿ ಬಲ್ಲವರು ಹೇಳುತ್ತಾರೆ. ನಮ್ಮದೇ ಜಿಲ್ಲೆಯ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಅಂಥ ಓಲೆಗರಿಗಳಿವೆ, ನೋಡದವರು ನೋಡಬೇಕು. ಲೋಹದ ಮೊನೆಗೆ ಒಗ್ಗಿಕೊಂಡು ಬೆಳೆದ ಅಕ್ಷರ ಈಗ ಇನ್ನೊಂದು ಲೋಹದ ಮೊನೆಗೆ ಸಿಕ್ಕಿದೆ ಎಂಬುದು ನನಗೆ ನಿಜಕ್ಕೂ ಸಂತೋಷದ ಸಂಗತಿ.

ತೊಡಕಿರುವುದು ಬೇರೆ ಕಡೆ. ಕಂಪ್ಯೂಟರಿನ ಕನ್ನಡ ಅಕ್ಷರಗಳಲ್ಲಿ ತಲೆಕಟ್ಟು, ಕೊಂಬು, ಒತ್ತು ಎಷ್ಟೋ ಸಲ ಬೇರೆ ಬೇರೆ ತುಂಡುಗಳಾಗಿದ್ದು ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಕಾಗದದ ಮೇಲೆ ಮುದ್ರಿಸಿದರೆ ಅದು ಕಾಣುವುದಿಲ್ಲ. ಕಟರ್ ಮಾತ್ರ ಅಂಚು ಕಂಡಲ್ಲೆಲ್ಲ ಕೊಯ್ಯುತ್ತದೆ. ಅಕ್ಷರದ ಹೊಟ್ಟೆಯ ನಡುವೆಯೇ ಸೀಳು ಬಿದ್ದು, ಎರಡು ಒಗೆತಕ್ಕೆ ಒತ್ತು ಕಳಚಿ ಬೀಳುತ್ತದೆ. ರೇಡಿಯಂ ಅಂಗಡಿಯವರು ಕೋರೆಲ್ ಡ್ರಾದಲ್ಲಿ ನುಡಿ ತಂತ್ರಾಂಶದ ಅಕ್ಷರ ಹಾಕಿ ಕಡೆಗೆ ವೆಲ್ಡ್ ಮಾಡಿ ತುಂಡುಗಳನ್ನು ಬೆಸೆಯುವುದು ಇದಕ್ಕೇ. ದುಡ್ಡು ಕೊಡಲಾಗದವರಿಗೆ ಇಂಕ್‌ಸ್ಕೇಪ್ ಉಚಿತ. ಯೂನಿಕೋಡ್ ಕನ್ನಡವನ್ನು ಅದು ಒತ್ತಕ್ಷರ ಸಮೇತ ಸರಿಯಾಗಿ ಕೂಡಿಸುತ್ತದೆ. ಅಕ್ಷರವನ್ನು ಪಾತ್ ಮಾಡಿ, ಯೂನಿಯನ್ ಕೊಟ್ಟರೆ ತುಂಡುಗಳೆಲ್ಲ ಒಂದಾಗುತ್ತವೆ. ಅಕ್ಷರ ದಪ್ಪಗಿರಲಿ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಬಾಲೂ ತಮ್ಮ ಇದಕ್ಕೆಂದೇ ಮಾಡಿದಂತಿದೆ. ತೆಳು ಅಕ್ಷರವಾದರೆ ಬೇಡದ ವಿನೈಲನ್ನು ಕಿತ್ತು ತೆಗೆಯುವಾಗ ಠಕಾರದ ನಡುವಿನ ಚುಕ್ಕೆ ಜೊತೆಗೇ ಎದ್ದುಬರುತ್ತದೆ. ಮಹಾಪ್ರಾಣದ ಸೀಳು ಮುಚ್ಚಿಹೋಗಿ ಅಂಗಿಯ ಮೇಲೆ 'ಧನ' 'ದನ'ವಾಗುತ್ತದೆ.

ಆದ್ದರಿಂದ ಯಂತ್ರ ಆರಿಸುವಾಗ ವೇಗಕ್ಕಿಂತ, ಹೊರಗಿನ ಬಣ್ಣಕ್ಕಿಂತ ಅದರ ಸಾಫ್ಟ್‌ವೇರ್ ಮುಖ್ಯ. ಕ್ರಿಕಟ್ ಕಂಪನಿಯದು ಕಲಿಯಲು ಸುಲಭ, ಆದರೆ ಹೆಚ್ಚಿನ ಕೆಲಸಕ್ಕೆ ಇಂಟರ್ನೆಟ್ ಬೇಕು. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುವ ಮಲೆನಾಡಿನ ಸೆರಗಿನಲ್ಲಿ ಇದು ಸಣ್ಣ ಮಾತಲ್ಲ. ಸಿಲುವೆಟ್‌ನ ಸಾಫ್ಟ್‌ವೇರ್ ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ ಅದರ ಉಚಿತ ಆವೃತ್ತಿ ಇಂಕ್‌ಸ್ಕೇಪ್‌ನ ಎಸ್‌ವಿಜಿ ಕಡತ ತೆರೆಯುವುದಿಲ್ಲ, ಡಿಎಕ್ಸ್‌ಎಫ್ ಮಾಡಿ ಕೊಡಬೇಕು, ಇಲ್ಲವೆ ದುಡ್ಡು ಕೊಟ್ಟು ಮೇಲಿನ ಆವೃತ್ತಿ ತೆಗೆದುಕೊಳ್ಳಬೇಕು. ಬ್ರದರ್‌ನ ಸ್ಕ್ಯಾನ್‌ಎನ್‌ಕಟ್‌ನಲ್ಲಿ ಸ್ಕ್ಯಾನರ್ ಇದೆ. ಕೈಬರಹ ಚೆನ್ನಾಗಿರುವವರು ಕಾಗದದ ಮೇಲೆ ಬರೆದದ್ದನ್ನೇ ಕತ್ತರಿಸಬಹುದು. ಬೋರ್ಡ್ ಬರೆಯುವ ಹಳೆಯ ಕಲಾವಿದರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕೈಯ ಅಕ್ಷರ ಅಂಗಿಗೆ ಬಂದರೆ ಎಷ್ಟು ಚೆಂದ!

ಅಳತೆಗೆ ಬಂದರೆ, ಎದೆಯ ಮೇಲಿನ ಬರಹಕ್ಕೆ ಹತ್ತು ಹನ್ನೊಂದು ಇಂಚು ಅಗಲ ಸಾಕು, ಅಂದರೆ 12 ಇಂಚಿನ ಯಂತ್ರ ಸಾಕು. ಬಟ್ಟೆಯ ವಿನೈಲ್ ಸಾಮಾನ್ಯವಾಗಿ ಅರ್ಧ ಮೀಟರ್ ಅಗಲದ ರೋಲಿನಲ್ಲಿ ಬರುವುದರಿಂದ ಯಂತ್ರದ ಅಗಲಕ್ಕೆ ಕತ್ತರಿಸಿ ಹೊಂದಿಸಿಕೊಳ್ಳಬೇಕು, ಅಷ್ಟೇ. 24 ಇಂಚಿನ ಪ್ಲಾಟರ್ ದಿನವಿಡೀ ಕೆಲಸವಿರುವ ಅಂಗಡಿಗೆ ಸರಿ, ಹಾಲ್‌ನ ಮೂಲೆಗಲ್ಲ. ಫೋಟೊ, ಹಲವು ಬಣ್ಣ ಕೇಳುವವರಿಗೆ ಡಿಟಿಎಫ್ ಪ್ರಿಂಟ್, ಅಂದರೆ ಫಿಲ್ಮ್ ಮೇಲೆ ಮುದ್ರಿಸಿ ಬಟ್ಟೆಗೆ ಒತ್ತುವಂಥದ್ದು, ಹೊರಗಿನಿಂದ ತರಿಸಿ ಕೊಟ್ಟರಾಯಿತು.

ಯಂತ್ರಕ್ಕೇ ಎಲ್ಲ ಹಣ ಸುರಿದುಬಿಡಬಾರದು. ಅಕ್ಷರ ಬಟ್ಟೆಗೆ ಹಿಡಿಯುವುದು ಹೀಟ್ ಪ್ರೆಸ್‌ನಿಂದ. ಹತ್ತಿಗೆ ಸುಮಾರು 150 ಡಿಗ್ರಿ ಸೆಲ್ಸಿಯಸ್, 15 ಸೆಕೆಂಡು, ಎಲ್ಲ ಕಡೆ ಒಂದೇ ಒತ್ತಡ. ಪಾಲಿಯೆಸ್ಟರ್ ಜೆರ್ಸಿಗೆ ಇನ್ನೂ ಕಡಿಮೆ ಶಾಖ. ಇಸ್ತ್ರಿ ಪೆಟ್ಟಿಗೆಯಲ್ಲಿ ಈ ಸಮ ಸಿಗುವುದಿಲ್ಲ. ಪ್ರೆಸ್ ಸಾವಿರದೈನೂರು ವ್ಯಾಟ್‌ನ ಆಸುಪಾಸು ಎಳೆಯುವುದರಿಂದ ಹಳೆಯ ಮನೆಗಳಲ್ಲಿ ಮೊದಲು ವೈರಿಂಗ್ ನೋಡಿಸಬೇಕು, 15 ಆಂಪಿಯರ್ ಪ್ಲಗ್ ಹಾಕಿಸಬೇಕು. ಆಷಾಢದ ಥಂಡಿಯಲ್ಲಿ ಒಣಗಿದ ಅಂಗಿಯೂ ನೀರು ಹೀರಿಕೊಂಡಿರುತ್ತದೆ. ವಿನೈಲ್ ಇಡುವ ಮುನ್ನ ಬರಿ ಅಂಗಿಯನ್ನೇ ನಾಲ್ಕೈದು ಸೆಕೆಂಡು ಒತ್ತಿ ಆ ತೇವ ಓಡಿಸಬೇಕು.

ಭದ್ರಾವತಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಊರು ಅದು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಕನ್ನಡದ ಪತ್ರಿಕೆಗಳಿಗೆ, ಪುಸ್ತಕಗಳಿಗೆ ಹಾಳೆ ಕೊಟ್ಟಿತು. ಆ ಕಾರ್ಖಾನೆ ನಿಂತು ವರ್ಷಗಳಾದವು, ಅದನ್ನೇ ನಂಬಿದ್ದ ಮನೆಗಳು ಬೇರೆ ದಾರಿ ಹುಡುಕಬೇಕಾಯಿತು. ಮೇಜಿನ ಮೇಲಿನ ಕಟರ್ ಒಂದು ಕಾರ್ಖಾನೆಯ ಜಾಗ ತುಂಬಲಾರದು. ಆದರೂ ಕನ್ನಡದ ಅಕ್ಷರಕ್ಕೆ ಹಾಳೆ ಒದಗಿಸಿದ ಊರಿನ ಹೆಣ್ಣುಮಗಳು ಅದೇ ಅಕ್ಷರದಿಂದ ತನ್ನ ಕಾಲ ಮೇಲೆ ನಿಲ್ಲುತ್ತೇನೆ ಎಂದಾಗ ಅವಳಿಗೆ ಸಾಧಾರಣ ಯಂತ್ರ ದಾಟಿಸಿ ಕಳಿಸುವುದು ಅನ್ಯಾಯ.

ನೀವೂ ಕೊಳ್ಳುವ ಯೋಚನೆಯಲ್ಲಿದ್ದರೆ ಒಂದು ಪೆನ್‌ಡ್ರೈವ್‌ನಲ್ಲಿ 'ರಾಷ್ಟ್ರಕೂಟ', 'ಲಕ್ಷ್ಮೀ', 'ಧೈರ್ಯ' ಈ ಮೂರು ಪದಗಳನ್ನು ಯೂನಿಯನ್ ಮಾಡಿಟ್ಟುಕೊಂಡು ಅಂಗಡಿಗೆ ಹೋಗಿ. ಎರಡು ಇಂಚು ಎತ್ತರದಲ್ಲಿ ಅವನ್ನು ನಿಮ್ಮೆದುರೇ ಕತ್ತರಿಸಿ, ಕಿತ್ತು ತೋರಿಸಲು ಹೇಳಿ. ಒತ್ತು, ಸೀಳು ಎಲ್ಲ ಉಳಿದಿದ್ದರೆ ಮಾತ್ರ ದುಡ್ಡು ಕೊಡಿ.