ಹತ್ತು ನಿಮಿಷದ ಕೆ.ಟಿ.

ಪುಣೆಯಲ್ಲಿ ಕಾಯಿಲೆಯವರನ್ನು ಮನೆಗೇ ಬಂದು ನೋಡಿಕೊಳ್ಳುವ ಹೆಂಗಸರನ್ನು ಎಲ್ಲರೂ ಮಾವಶಿ ಅನ್ನುತ್ತಾರೆ. ತಾಯಿಯ ಅಕ್ಕನಿಗೋ ತಂಗಿಗೋ ಮರಾಠಿಯಲ್ಲಿ ಕರೆಯುವ ಹೆಸರು ಅದು. ಅವರನ್ನು ಕಳಿಸಿಕೊಡುವ ಸಂಸ್ಥೆಗೆ ಬ್ಯೂರೋ ಎಂದು ಹೆಸರು. ಬ್ಯೂರೋಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ, ಹನ್ನೆರಡು ತಾಸೋ, ಇಪ್ಪತ್ನಾಲ್ಕು ತಾಸೋ? ಎರಡನೆಯದು, ಪೇಶಂಟಿಗೆ ಡಯಾಪರ್ ಇದೆಯೋ? ಆಮೇಲೆ ದರ. ಬರುವವರಿಗೆ ತರಬೇತಿ ಆಗಿದೆಯೇ ಅಂತ ನಾವು ಕೇಳಿದರೆ ಉತ್ತರ ಎಲ್ಲ ಕಡೆ ಒಂದೇ: “ಸಗಳೇ ಟ್ರೇನ್ಡ್ ಆಹೇತ್ ಸರ್.”

ಅಮ್ಮನಿಗೆ ಪಾರ್ಶ್ವವಾಯು ಆಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿ, ಮಾತೂ ಒಂದೊಂದೇ ಪದಕ್ಕೆ ಇಳಿದ ಮೇಲೆ ಧಾರವಾಡದಿಂದ ಇಲ್ಲಿಗೆ ಕರೆತಂದೆವು. ಹದಿನಾಲ್ಕು ತಿಂಗಳಲ್ಲಿ ನಮ್ಮ ಮನೆಗೆ ಒಂಬತ್ತು ಮಂದಿ ಮಾವಶಿಯರು ಬಂದುಹೋದರು. ಹೀಗಾಗಿ ‘ಟ್ರೇನ್ಡ್’ ಅನ್ನುವ ಪದಕ್ಕೆ ಎಷ್ಟು ಅರ್ಥಗಳಿವೆ ಎಂಬುದು ನನಗೆ ಸಾಕಷ್ಟು ತಿಳಿದಿದೆ.

ಮೇಲಿನ ಮೆಟ್ಟಿಲಲ್ಲಿ ನರ್ಸುಗಳು. ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ ಓದಿದವರು. ಅವರನ್ನು ದಿನಕ್ಕೆ ಹನ್ನೆರಡು ತಾಸು ಇಟ್ಟುಕೊಳ್ಳುವುದು ಹೆಚ್ಚಿನವರಿಗೆ ಆಗದ ಮಾತು, ಎಷ್ಟೋ ಮನೆಗಳಿಗೆ ಬೇಕಾಗಿಯೂ ಇಲ್ಲ. ಅದರ ಕೆಳಗೆ ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ರೂಪಿಸಿದ ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಮ್ ಹೆಲ್ತ್ ಏಡ್ ಕೋರ್ಸುಗಳು. ಕೋವಿಡ್ ಎರಡನೇ ಅಲೆಯ ನಂತರ, 2021ರ ಜೂನ್‌ನಲ್ಲಿ, ಕೇಂದ್ರ ಸರಕಾರ ಒಂದು ಲಕ್ಷ ಜನರ ಗುರಿ ಇಟ್ಟುಕೊಂಡು ಆರು ಬಗೆಯ ಕ್ರ್ಯಾಶ್ ಕೋರ್ಸ್ ಶುರುಮಾಡಿದಾಗ ಅದರಲ್ಲಿ ಹೋಮ್ ಕೇರ್ ಸಪೋರ್ಟ್ ಕೂಡ ಒಂದಾಗಿತ್ತು. ಅಂದರೆ ಇದು ಕಲಿಸಬೇಕಾದ ಕೆಲಸ ಅನ್ನುವುದು ಕಾಗದದ ಮೇಲಂತೂ ಒಪ್ಪಿಕೊಂಡಾಗಿದೆ. ನಮ್ಮ ಒಂಬತ್ತರಲ್ಲಿ ಇಬ್ಬರ ಹತ್ತಿರ ಮಾತ್ರ ಇಂಥ ಪ್ರಮಾಣಪತ್ರ ಇತ್ತು. ಉಳಿದವರು ಇನ್ನೊಬ್ಬ ಹಳೆಯ ಮಾವಶಿಯ ಜೊತೆ ಯಾರದೋ ಮನೆಯಲ್ಲಿ ಎರಡು ಮೂರು ದಿನ ನಿಂತು ನೋಡಿದವರು. ಅವರ ಲೆಕ್ಕದಲ್ಲಿ ಅದೇ ತರಬೇತಿ.

ನೋಡಿ ಕಲಿತವರಿಗೆ ಏನೂ ಬರುವುದಿಲ್ಲ ಅಂತಲ್ಲ. ಲಾತೂರ್ ಕಡೆಯ ಒಬ್ಬಾಕೆ ಅತ್ತೆಯನ್ನು ನಾಲ್ಕು ವರ್ಷ ಹಾಸಿಗೆಯಲ್ಲಿ ನೋಡಿಕೊಂಡಿದ್ದವಳು. ಊಟ ಮಾಡಿಸುವುದನ್ನು ಅವಳಿಂದ ಕಲಿಯಬೇಕು. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ, ನುಂಗಿದ್ದು ಖಾತ್ರಿಯಾದ ಮೇಲೆಯೇ ಮುಂದಿನ ತುತ್ತು. ಊಟವಾಗಿ ಅರ್ಧ ತಾಸು ಮಲಗಲು ಬಿಡುತ್ತಿರಲಿಲ್ಲ. ಆದರೆ ಅದೇ ಹೆಂಗಸು ಅಮ್ಮನನ್ನು ಎಬ್ಬಿಸುವಾಗ ಸ್ವಾಧೀನವಿಲ್ಲದ ಬಲಗೈಯನ್ನೇ ಹಿಡಿದು ಎಳೆಯುತ್ತಿದ್ದಳು. ಪಾರ್ಶ್ವವಾಯು ಆದವರ ಭುಜದ ಸ್ನಾಯು ಸಡಿಲವಾಗಿರುತ್ತದೆ. ಹಾಗೆ ಎಳೆದರೆ ಕೀಲು ಜಾರುತ್ತದೆ. ಗಾಲಿಕುರ್ಚಿಯನ್ನು ಗಟ್ಟಿ ಇರುವ ಬದಿಗೆ ತರಬೇಕು, ಬ್ರೇಕ್ ಹಾಕಬೇಕು, ಸೊಂಟಕ್ಕೆ ಆಸರೆ ಕೊಟ್ಟು ಎಬ್ಬಿಸಬೇಕು. ಇಷ್ಟು ಕಲಿಸಲು ವಾರಕ್ಕೆ ಮೂರು ದಿನ ಬರುತ್ತಿದ್ದ ಫಿಸಿಯೋಗೆ ಬೇಕಾದದ್ದು ಇಪ್ಪತ್ತು ನಿಮಿಷ. ಈ ಇಪ್ಪತ್ತು ನಿಮಿಷವನ್ನು ಯಾವ ಬ್ಯೂರೋವೂ ಅವಳಿಗೆ ಕೊಟ್ಟಿರಲಿಲ್ಲ. ತನ್ನ ಸೊಂಟನೋವೂ ಅರ್ಧ ಕಡಿಮೆಯಾಯಿತು ಅಂತ ಅವಳೇ ಹೇಳಿದಳು. ತರಬೇತಿ ಅಂದರೆ ರೋಗಿಯ ಸಲುವಾಗಿ ಮಾತ್ರ ಅಂದುಕೊಳ್ಳುತ್ತೇವೆ, ಅವಳ ಬೆನ್ನಿನ ಲೆಕ್ಕ ಯಾರೂ ಇಡುವುದಿಲ್ಲ.

ಆಫೀಸಿನಲ್ಲಿ ಒಬ್ಬ ಹುಡುಗ ಪ್ರಾಜೆಕ್ಟ್ ಬಿಟ್ಟರೆ ಎರಡು ವಾರ ಕೆ.ಟಿ. ನಡೆಯುತ್ತದೆ. ಡಾಕ್ಯುಮೆಂಟ್ ಬರೆಸುತ್ತೇವೆ, ಹೊಸಬನಿಂದ ತಿರುಗಿ ಹೇಳಿಸುತ್ತೇವೆ. ಮನೆಯಲ್ಲಿ? ಬೆಳಿಗ್ಗೆ ಎಂಟಕ್ಕೆ ಒಬ್ಬಳು ಚಪ್ಪಲಿ ಬಿಡುತ್ತಾಳೆ, ಇನ್ನೊಬ್ಬಳು ಚಪ್ಪಲಿ ಮೆಟ್ಟುತ್ತಾಳೆ. ಹೆಚ್ಚೆಂದರೆ ಹತ್ತು ನಿಮಿಷ. “ಸಗಳಂ ಠೀಕ್ ಆಹೇ.” ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನುವುದು, ಸೊಂಟದ ಹತ್ತಿರ ಚರ್ಮ ಕೆಂಪಾಗಿದೆ ಅನ್ನುವುದು, ರಾತ್ರಿ ನೀರು ಕುಡಿದರೆ ಕೆಮ್ಮು ಬರುತ್ತದೆ ಅನ್ನುವುದು, ಎಲ್ಲ ಆ ಹತ್ತು ನಿಮಿಷದಲ್ಲಿ ಸೋರಿಹೋಗುತ್ತದೆ. ಹೀಗಾಗಿ ನಾಲ್ಕನೆಯವಳಿಂದ ಮುಂದೆ ಒಂದು ಪದ್ಧತಿ ಮಾಡಿದೆವು: ಬದಲಿ ಬರುವ ದಿನ ಇಬ್ಬರೂ ಇರಬೇಕು, ಇಬ್ಬರಿಗೂ ದುಡ್ಡು. ಹೊಸಬಳು ಹಳೆಯವಳ ಮುಂದೆ ಎಲ್ಲವನ್ನೂ ತಾನೇ ಒಮ್ಮೆ ಮಾಡಿ ತೋರಿಸಬೇಕು.

ಭಾಷೆಯದ್ದು ಬೇರೆಯೇ ಕತೆ. ಅಮ್ಮನಿಗೆ ಮೊದಲು ತಕ್ಕಮಟ್ಟಿಗೆ ಹಿಂದಿ ಬರುತ್ತಿತ್ತು. ಈಗ ಉಳಿದಿರುವುದು ಕನ್ನಡ ಮಾತ್ರ, ಅದೂ ತುಂಡು ತುಂಡಾಗಿ. ಅಮ್ಮ “ಕಾಲು, ಕಾಲು” ಅಂದರೆ ಮಾವಶಿಯ ಕಿವಿಗೆ ಬೀಳುವುದು ಮರಾಠಿಯ ‘ಕಾಲ್’, ಅಂದರೆ ನಿನ್ನೆ. “ಆಯಿ, ಕಾಲ್ ಕಾಯ್ ಝಾಲಂ?” ನಿನ್ನೆ ಏನಾಯಿತು ಅಂತ ಅವಳು ಪ್ರೀತಿಯಿಂದ ಕೇಳುತ್ತಿದ್ದಳು, ಅಮ್ಮನ ಕಾಲು ಮಂಚದ ಸರಳಿಗೆ ಒತ್ತಿಕೊಂಡೇ ಇರುತ್ತಿತ್ತು. ಬಚ್ಚಲಿಗೆ ಹೋಗಬೇಕು ಅಂತ “ಹೋ... ಹೋ” ಅಂದರೆ ಮರಾಠಿಯಲ್ಲಿ ಹೌದು ಅಂತ. ನನ್ನ ಹೆಂಡತಿ ಕೊನೆಗೆ ಹದಿನೆಂಟು ಕನ್ನಡ ಪದಗಳನ್ನು ದೇವನಾಗರಿಯಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಪರ ಊರಿನಲ್ಲಿರುವ ನಮ್ಮಂಥವರ ಮನೆಗೆ ಯಾವ ಕೋರ್ಸಿನ ಪುಸ್ತಕದಲ್ಲೂ ಈ ಪಾಠ ಸಿಗುವುದಿಲ್ಲ.

ಕಲಿಸದೆ ಯಾಕೆ ಕಳಿಸುತ್ತೀರಿ ಅಂತ ಒಂದು ಬ್ಯೂರೋದ ಒಡತಿಯನ್ನು ನೇರವಾಗಿಯೇ ಕೇಳಿದೆ. ಆಕೆ ಬೇಸರಿಸಿಕೊಳ್ಳಲಿಲ್ಲ. “ನಾನು ತಿಂಗಳುಗಟ್ಟಲೆ ಕಲಿಸಿ ಕಳಿಸುತ್ತೇನೆ ಅಂದುಕೊಳ್ಳಿ. ಎರಡನೇ ತಿಂಗಳಿಗೆ ನಿಮ್ಮ ಪಕ್ಕದ ಬಿಲ್ಡಿಂಗಿನವರು ನನ್ನ ಕಮಿಷನ್ ತಪ್ಪಿಸಿ ಅವಳನ್ನು ನೇರ ಇಟ್ಟುಕೊಳ್ಳುತ್ತಾರೆ. ನನ್ನ ಖರ್ಚು?” ಕರಾರಿನಲ್ಲಿ ಹಾಗೆ ಮಾಡುವಂತಿಲ್ಲ ಅಂತ ಇರುತ್ತದೆ, ಓದುವವರು ಯಾರು? ಆಕೆಯ ಮಾತು ನಿಜ. ನಮ್ಮ ಸೊಸೈಟಿಯಲ್ಲೇ ಇಂಥವು ಮೂರು ಮನೆ ಇವೆ, ಮತ್ತು ಎರಡು ಕಡೆಯವರಿಗೂ ಅದರಿಂದ ನಾಲ್ಕು ಕಾಸು ಉಳಿಯುತ್ತದೆ ಅನ್ನುವುದೂ ನಿಜ. ಆದರೆ ಪೂರ್ತಿ ನಿಜವಲ್ಲ. ಒಂದು ಮನೆಗೆ ಹೊಂದಿಕೊಂಡವಳನ್ನು ಹೆಚ್ಚು ದರ ಕೊಡುವ ಇನ್ನೊಂದು ಮನೆಗೆ ರಾತ್ರೋರಾತ್ರಿ ಸಾಗಿಸುವವರೂ ಬ್ಯೂರೋದವರೇ. ನಮ್ಮ ಮನೆಯಿಂದ ಹೋದ ಒಂಬತ್ತರಲ್ಲಿ ನಾಲ್ವರು ಹಾಗೇ ಹೋದವರು.

ಬಾಂಡ್ ಬರೆಸಿಕೊಳ್ಳಲಿ ಅಂತ ನನ್ನ ಟೀಮಿನ ಗೆಳೆಯನೊಬ್ಬ ಹೇಳಿದ. ದಿನಗೂಲಿಯ ಲೆಕ್ಕದಲ್ಲಿ ದುಡಿಯುವ ಹೆಂಗಸಿಗೆ ಬಾಂಡೇ? ಅದಕ್ಕಿಂತ ಬಿಲ್ಲಿನಲ್ಲಿ ತರಬೇತಿಯನ್ನು ಬೇರೆ ಸಾಲಾಗಿ ಬರೆಯಲಿ, ಗಿರಾಕಿ ಕೊಡಲಿ, ಕಲಿತ ಪ್ರಮಾಣಪತ್ರ ಅವಳ ಕೈಯಲ್ಲಿರಲಿ, ಅವಳು ಎಲ್ಲಿಗೆ ಹೋದರೂ ಅದು ಅವಳ ಜೊತೆ ಹೋಗಲಿ. ಒಡತಿಗೆ ಇದನ್ನು ಹೇಳಿದಾಗ ನಕ್ಕುಬಿಟ್ಟಳು. “ಸರ್, ಎರಡು ಹೊತ್ತಿನ ಚಹಾ ಯಾರು ಕೊಡಬೇಕು ಅಂತ ಜಗಳಾಡುವ ಗಿರಾಕಿಗಳು ನನ್ನವರು.” ಆದರೂ ಫಿಸಿಯೋನ ಫೋನ್ ನಂಬರ್ ಕೇಳಿ ಬರೆದುಕೊಂಡಳು. ತಿಂಗಳಿಗೊಂದು ಭಾನುವಾರ ಅರ್ಧ ದಿನ ಹದಿನೈದು ಹೆಂಗಸರಿಗೆ ಎಬ್ಬಿಸುವುದು, ಮಗ್ಗುಲು ಬದಲಿಸುವುದು ಇಷ್ಟನ್ನೇ ಕಲಿಸಲು ಎಷ್ಟು ತಗೊಳ್ಳುತ್ತಾರೆ ಅಂತ ವಿಚಾರಿಸಿದ್ದಾಳಂತೆ. ದರ ಇನ್ನೂ ಕುದುರಿಲ್ಲ.