ನ್ಯಾಂಕೋ ಸೆನ್ಸೈಯ ಲೆಕ್ಕ

ಯೂಕಿ ಮಿಡೊರಿಕಾವಾ ಅವರ ಮಾಂಗಾದಿಂದ 2008ರಲ್ಲಿ ಬಂದ ಆನಿಮೆ 'ನತ್ಸುಮೆ ಯೂಜಿನ್‌ಚೋ'. ಅದರಲ್ಲಿ ನನಗೆ ನಾಯಕನಿಗಿಂತ ಅವನ ಜೊತೆಗಿರುವ ದಪ್ಪ ಬೆಕ್ಕು ನ್ಯಾಂಕೋ ಸೆನ್ಸೈ ಇಷ್ಟ. ನೋಡಲು ಗಲ್ಲಾಪೆಟ್ಟಿಗೆಯ ಪಕ್ಕ ಇಡುವ ಬೆಕ್ಕಿನ ಬೊಂಬೆ, ನಿಜರೂಪದಲ್ಲಿ ದೊಡ್ಡ ಬಿಳಿ ಮೃಗ.

"ಇದು ಅವರ ದೇವರಾ?" ಎಂದು ದಾದಿ ಉರ್ದುವಿನಲ್ಲಿ ಕೇಳಿದರು. ಹೌದೆಂದರೆ ಟಿವಿ ಬಂದ್! ಅಲ್ಲ ದಾದಿ, ಇದು ಯೋಕಾಯ್, ನೀವು ಹೇಳುವ ಜಿನ್‌ಗಳ ಹಾಗೆ ಎಂದೆ. ದೇವರುಗಳೂ ಕಥೆಯಲ್ಲಿದ್ದಾರೆ. ತ್ಸುಯುಕಾಮಿ ಎಂಬವನು ಪೂಜಿಸುವವರು ಕಡಿಮೆಯಾದಂತೆ ಕುಗ್ಗಿ ತೀರಾ ಚಿಕ್ಕವನಾಗಿದ್ದಾನೆ. ಅದಕ್ಕೆ ದಾದಿ, "ಅಲ್ಲಾಹನಿಗೆ ನಮ್ಮಿಂದ ಏನೂ ಬೇಕಿಲ್ಲ, ನಮಗೇ ಅವನು ಬೇಕು" ಎಂದರು. ಆದರೆ ಎದ್ದು ಹೋಗಲಿಲ್ಲ.

ಕಾಮರ್ಸ್ ಓದುವ ನನ್ನನ್ನು ಹಿಡಿದದ್ದು ಒಪ್ಪಂದ. ನತ್ಸುಮೆಯ ಅಜ್ಜಿ ರೇಕೊ ಯೋಕಾಯ್‌ಗಳನ್ನು ಸೋಲಿಸಿ ಅವುಗಳ ಹೆಸರನ್ನು ಒಂದು ಪುಸ್ತಕದಲ್ಲಿ ಕಟ್ಟಿಟ್ಟಿದ್ದಳು. ಮೊಮ್ಮಗ ಅವನ್ನು ಹಿಂದಿರುಗಿಸುತ್ತಿದ್ದಾನೆ. ಬೆಕ್ಕು ಅವನನ್ನು ಕಾಯಬೇಕು, ಅವನು ಸತ್ತ ಮೇಲೆ ಉಳಿದ ಪುಸ್ತಕ ಬೆಕ್ಕಿಗೆ. ಒಂದೊಂದು ಹೆಸರು ಹೋದಂತೆ ಪುಸ್ತಕ ತೆಳ್ಳಗಾಗುತ್ತದೆ. ಯಾವ ಪಾಲುದಾರ ಇದನ್ನು ಒಪ್ಪುತ್ತಾನೆ? ಹುಡುಗ ಬೇಗ ಸತ್ತಷ್ಟೂ ಲಾಭ! ಆದರೂ ಅಪಾಯ ಬಂದಾಗ ಅವನ ಮುಂದೆ ಹೋಗಿ ನಿಲ್ಲುವುದು ಅದೇ ಬೆಕ್ಕು. ಉಳಿದ ಹೊತ್ತು ಗೊಣಗುತ್ತದೆ, ಸಿಹಿ ತಿನ್ನುತ್ತದೆ, ಕುಡಿದು ಬರುತ್ತದೆ. ಈ ಕೊನೆಯದನ್ನು ದಾದಿಗೆ ಅನುವಾದಿಸಿಲ್ಲ.

ತಂದೆತಾಯಿ ಇಲ್ಲದ ನತ್ಸುಮೆ ನೆಂಟರ ಮನೆಯಿಂದ ಮನೆಗೆ ಅಲೆದವನು. ಅದು ಗೊತ್ತಾದ ಮೇಲೆ ದಾದಿ ದೇವರ ವಿಷಯ ಎತ್ತಿಲ್ಲ. ಈಗ ಕೇಳುವುದು ಬೇರೆ: "ಆ ಯತೀಮ್ ಹುಡುಗನಿಗೆ ಇವತ್ತು ಊಟ ಹಾಕಿದರಾ?"