ಒಂದು ದಿನದ ಮುಂಬಯಿ ದರ್ಶನ

ಮುಂಬಯಿಯ ಆಸುಪಾಸಿನಲ್ಲಿ ಮನೆ ಮಾಡಿದ ಕನ್ನಡಿಗರಿಗೆ ಒಂದು ಹೆಚ್ಚಿನ ಉದ್ಯೋಗ ತಾನಾಗಿಯೇ ಅಂಟಿಕೊಳ್ಳುತ್ತದೆ. ಅದೆಂದರೆ ಊರಿನಿಂದ ಬಂದವರಿಗೆ ಮುಂಬಯಿ ತೋರಿಸುವುದು. ಸಂಬಳವಿಲ್ಲದ ಈ ಗೈಡ್ ಕೆಲಸವನ್ನು ಟಿಟ್ವಾಳಾದಲ್ಲಿದ್ದುಕೊಂಡು ನಾನೂ ಬಹಳ ವರ್ಷ ಮಾಡಿದ್ದೇನೆ. ಆದರೆ ಅದರಲ್ಲಿ ಒಂದು ದಿನ ಮಾತ್ರ ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

1996ರ ಡಿಸೆಂಬರ್. ಧಾರವಾಡದಿಂದ ನಮ್ಮ ಕಾಕಾ, ಕಾಕು ಬಂದಿದ್ದರು. ಮಗಳ ಮದುವೆ ಕೂಡಿಬರಲೆಂದು ಟಿಟ್ವಾಳಾದ ಮಹಾಗಣಪತಿಗೆ ಹರಕೆ ಹೊತ್ತಿದ್ದರು. ಈ ಗಣಪತಿಯ ದರ್ಶನದಿಂದ ಕಂಕಣಬಲ ಕೂಡಿಬರುವುದೆಂದು ನಂಬಿಕೆ. ಕಣ್ವರ ಮಾತಿನಂತೆ ಶಕುಂತಲೆ ಸ್ಥಾಪಿಸಿದ ಗಣಪತಿಯೆಂಬ ಐತಿಹ್ಯವೂ ಉಂಟು. ಅವರು ಇರುವುದು ಎರಡೇ ದಿನ. ಮೊದಲ ದಿನ ಮುಂಬಯಿಗೆ, ಎರಡನೆಯದು ದೇವರಿಗೆ ಎಂದು ನಾನೇ ಹಂಚಿಬಿಟ್ಟೆ. ಕಾಕು ಕೇಳಿದ್ದು ಒಂದೇ: "ಸಮುದ್ರ ತೋರಸಪಾ, ಕಾಲು ತೊಯ್ಸಕೊಂಡು ಬರೋಣು." ನಾನೋ, ಎಂಟು ಸ್ಥಳಗಳ ಪಟ್ಟಿ ಬರೆದು ಜೇಬಿಗಿಳಿಸಿದೆ.

ನಸುಕಿನ ಲೋಕಲ್ ಹಿಡಿದು, 60 ಕಿಲೋಮೀಟರಿಗೂ ಹೆಚ್ಚು ದೂರ ಬಂದು ಸಿ.ಎಸ್.ಟಿ.ಯಲ್ಲಿ ಇಳಿದೆವು. ವಿ.ಟಿ. ಹೋಗಿ ಆ ಹೆಸರು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಕಡೆಯ ರಿಕ್ಷಾಗಳಿಗೆ ಅಲ್ಲಿ ಪ್ರವೇಶವಿಲ್ಲ, ಟ್ಯಾಕ್ಸಿಯೇ ಗತಿ. ಮೊದಲನೆಯ ಟ್ಯಾಕ್ಸಿಯವನು ಇಡೀ ದಿನಕ್ಕೆ ಇಷ್ಟೆಂದು ಗುತ್ತಿಗೆಯ ಮಾತಾಡಿದ. ನನಗೆ ಮುಂಬಯಿಗನೆಂಬ ಜಂಬ. ಅವನನ್ನು ಬಿಟ್ಟು, ಮೀಟರಿನ ಮೇಲೆ ಬರಲೊಪ್ಪಿದ ಇನ್ನೊಬ್ಬನನ್ನು ಹಿಡಿದೆ.

ಮೀಟರಿನ ಗುಣ ನಿಮಗೆ ಗೊತ್ತೇ ಇದೆ. ಗಾಡಿ ನಿಂತರೂ ಅದು ನಿಲ್ಲುವುದಿಲ್ಲ. ಗೇಟ್‌ವೇ ಆಫ್ ಇಂಡಿಯಾದ ಮುಂದೆ ಕಾಕಾ, ನಿವೃತ್ತ ಶಾಲಾ ಮಾಸ್ತರರು, ಕಮಾನಿನ ಮೇಲೆ ರೋಮನ್ ಅಂಕಿಗಳಲ್ಲಿ ಕೆತ್ತಿದ 1911ನ್ನು ಬಿಡಿಸಿ ಓದುತ್ತ ನಿಂತರೆ, ನನ್ನ ಕಣ್ಣು ದೂರದ ಟ್ಯಾಕ್ಸಿಯ ಮೇಲೆ. "ನಡೀರಿ ಕಾಕಾ, ಹೊತ್ತಾತು."

ಮರೀನ್ ಡ್ರೈವ್ ದಾಟಿ ಚೌಪಾಟಿಗೆ ಬಂದಾಗ ಟ್ಯಾಕ್ಸಿಯವನೇ ವೇಗ ತಗ್ಗಿಸಿದ. "ಮಾಜೀಕೋ ಪಾನೀ ತಕ್ ಲೇ ಜಾಯಿಯೇ, ಸಾಬ್" ಎಂದ. ಕಾಕುವಿನ ಕೈ ಆಗಲೇ ಬಾಗಿಲ ಹಿಡಿಕೆಯ ಮೇಲಿತ್ತು. ಇವನಿಗೇಕೆ ಇಷ್ಟು ಅಕ್ಕರೆ? ಕಾಯುವ ಹೊತ್ತಿನ ದುಡ್ಡಿನ ಆಸೆ ಎಂದುಕೊಂಡೆ. "ಬರುವಾಗ ಇಳಿಯೋಣು ಕಾಕು" ಎಂದೆ. ಬರುವಾಗ ಆ ದಾರಿಯಿಂದ ಬರುವುದೇ ಇಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಹ್ಯಾಂಗಿಂಗ್ ಗಾರ್ಡನ್, ಬೂಟಿನ ಮನೆ, ಮಹಾಲಕ್ಷ್ಮಿ, ಗಾಜಿನಾಚೆಯಿಂದಲೇ ಹಾಜಿ ಅಲಿ, ಎಲ್ಲ ಮುಗಿಸಿ ಪ್ರಭಾದೇವಿಯ ಸಿದ್ಧಿವಿನಾಯಕನ ಎದುರು ಇಳಿದೆವು. ಆಗಿನ ಮೀಟರಿನಲ್ಲಿ ಕಾಣುವ ಅಂಕಿ ಒಂದು, ದರದ ಕಾರ್ಡು ನೋಡಿ ಕೊಡಬೇಕಾದ ಹಣ ಇನ್ನೊಂದು. ಅವನು ಕೇಳಿದ ಹಣ ಕಾರ್ಡಿಗಿಂತ ಹೆಚ್ಚೆನಿಸಿತು. ನಾನು ದನಿ ಏರಿಸಿದೆ. ಜನ ಕೂಡಿದರು. ಕಾಕಾ ಸುಮ್ಮನೆ ಕಾರ್ಡು ತೆಗೆದುಕೊಂಡು, ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು ನೋಡಿದರು. "ಅಂವಾ ಕೇಳಿದ್ದು ಬರೋಬ್ಬರಿ ಅದನಪಾ. ನೀ ಮ್ಯಾಲಿನ ಸಾಲು ಓದೀದಿ."

ಹಣ ಕೊಟ್ಟೆ. ಟ್ಯಾಕ್ಸಿಯವನು ಜಗಳದ ಮಾತೊಂದನ್ನೂ ಆಡದೆ, ಕಾಕುವಿಗೆ ಕೈಮುಗಿದು ಹೋದ. ಮೋಸ ಹೋಗಬಾರದೆಂದು ದಿನವಿಡೀ ಎಚ್ಚರವಾಗಿದ್ದ ನಾನೇ, ಬೆಳಿಗ್ಗೆಯಿಂದ ಮೋಸ ಮಾಡಿದವನೆಂದು ಆಗ ಹೊಳೆಯಿತು.

ಮರುದಿನ ಗಣಪತಿಯ ದರ್ಶನವಾದ ಮೇಲೆ ಕಾಕು ಗುಡಿಯ ಪಕ್ಕದ ಕೆರೆಯ ಮೆಟ್ಟಿಲಲ್ಲಿ ಕುಳಿತು ಕಾಲು ಇಳಿಬಿಟ್ಟರು. ಯಾರೂ ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ನಕ್ಕು, "ಇದ ನಮ್ಮ ಸಮುದ್ರ ತಗೋ" ಎಂದರು. ನನಗೆ ನಗಲಾಗಲಿಲ್ಲ.

ಮಗಳ ಮದುವೆ ಮರುವರ್ಷವೇ ಆಯಿತು. ಕಾಕು ಮತ್ತೆ ಈ ಕಡೆ ಬರಲಿಲ್ಲ, 2004ರಲ್ಲಿ ತೀರಿಕೊಂಡರು. ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆ ಬಿಟ್ಟವು. ಇಲೆಕ್ಟ್ರಾನಿಕ್ ಮೀಟರ್ ಬಂದು ಕಾರ್ಡಿನ ತಕರಾರೂ ಮುಗಿದಿದೆ.

ಊರಿನವರು ಈಗಲೂ ಬರುತ್ತಾರೆ, ಅದೇ ಎರಡು ದಿನಕ್ಕೆ. ನಾನು ಪಟ್ಟಿ ಬರೆಯುವುದಿಲ್ಲ. ಏನು ನೋಡಬೇಕೆಂದು ಅವರನ್ನೇ ಕೇಳುತ್ತೇನೆ. ಸಮುದ್ರ ಎಂದವರನ್ನು ಮೊದಲು ಚೌಪಾಟಿಗೇ ಕರೆದೊಯ್ದು, ಟ್ಯಾಕ್ಸಿಯವನ ಲೆಕ್ಕ ತೀರಿಸಿ ಕಳಿಸಿಬಿಡುತ್ತೇನೆ. ಆಮೇಲೆ ಎಷ್ಟು ಹೊತ್ತಾದರೂ ಆಗಲಿ.